ಕಲ್ಲಿದ್ದಲಿಲ್ಲದ ಊರಿನ ಕಬ್ಬಿಣ

ಕಬ್ಬಿಣ ಮಾಡೋಕೆ ಏನೇನು ಬೇಕು? ಅದಿರು ಬೇಕು, ಸುಣ್ಣಕಲ್ಲು ಬೇಕು, ನೀರು ಬೇಕು, ಕಲ್ಲಿದ್ದಲು ಬೇಕು. ಭದ್ರಾವತಿಗೆ ಬಾಬಾಬುಡನ್ ಗಿರಿಯ ಅದಿರು ಸಿಗುತ್ತಿತ್ತು. ಸುಣ್ಣಕಲ್ಲು ಆಸುಪಾಸಿನಲ್ಲೇ ಇತ್ತು. ಭದ್ರಾ ನದಿಯಂತೂ ಊರೊಳಗೇ ಹರಿಯುತ್ತೆ. ಆದರೆ ಕಲ್ಲಿದ್ದಲು? ಒಂದು ಬೊಗಸೆಯೂ ಇರಲಿಲ್ಲ. ಇಡೀ ಮೈಸೂರು ಸಂಸ್ಥಾನ ಹುಡುಕಿದರೂ ಇರಲಿಲ್ಲ. ಹಾಗಿದ್ದೂ 1918ರಲ್ಲಿ ಅಲ್ಲಿ ಕಾರ್ಖಾನೆಯ ಕೆಲಸ ಶುರುವಾಯ್ತು. 1923ರ ಜನವರಿಯಲ್ಲಿ ಕಬ್ಬಿಣ ಹರಿದು ಬಂತು. ಹೇಗೆ ಸಾಧ್ಯವಾಯ್ತು?

ನಮ್ಮ ಚಾನೆಲ್‌ಗಳಲ್ಲಿ ವಿಐಎಸ್‌ಎಲ್ ಅಂದ್ರೆ ಎರಡೇ ಸುದ್ದಿ. ಒಂದು, ಕಾರ್ಖಾನೆ ಮುಚ್ತಾರಂತೆ. ಇನ್ನೊಂದು, ಮುಚ್ಚಲ್ವಂತೆ. ಆ ಎರಡೂ ಸುದ್ದಿಯನ್ನ ನಾನೇ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಇವತ್ತು ಅದನ್ನ ಪಕ್ಕಕ್ಕಿಟ್ಟು, ಆ ಗೋಡೆಯೊಳಗೆ ಏನು ನಡೀತಿತ್ತು ಅನ್ನೋದನ್ನ ನೋಡೋಣ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಸ್ಟುಡಿಯೋ ದೀಪದ ಕೆಳಗೆ ಕೂತರೂ ಆ ಚಟ ಬಿಟ್ಟಿಲ್ಲ.

ಮೊದಲು ಒಂದಿಷ್ಟು ವಿಜ್ಞಾನ, ಗಾಬರಿಯಾಗಬೇಡಿ. ಅದಿರು ಅಂದ್ರೆ ಒಂದು ಲೆಕ್ಕದಲ್ಲಿ ತುಕ್ಕು. ಕಬ್ಬಿಣ ಆಮ್ಲಜನಕವನ್ನ ಗಟ್ಟಿಯಾಗಿ ಅಪ್ಪಿಕೊಂಡಿರುತ್ತೆ. ಅದನ್ನ ಬಿಡಿಸೋ ಶಕ್ತಿ ಇರೋದು ಇಂಗಾಲಕ್ಕೆ. ಅದಕ್ಕೇ ಊದು ಕುಲುಮೆಯಲ್ಲಿ ಕಲ್ಲಿದ್ದಲನ್ನ ಸುಟ್ಟು ಮಾಡಿದ ಕೋಕ್ ಮೂರು ಕೆಲಸ ಮಾಡುತ್ತೆ. ಉರಿದು ಶಾಖ ಕೊಡುತ್ತೆ, ಅನಿಲವಾಗಿ ಅದಿರಿನ ಆಮ್ಲಜನಕ ಕಿತ್ತುಕೊಳ್ಳುತ್ತೆ, ಮತ್ತೆ ಮೇಲಿನ ಟನ್‌ಗಟ್ಟಲೆ ಅದಿರಿನ ಭಾರ ಹೊತ್ತು ನಿಲ್ಲುತ್ತೆ. ಈ ಮೂರನೇ ಕೆಲಸವನ್ನ ಪಠ್ಯಪುಸ್ತಕಗಳು ಒಂದು ಸಾಲಲ್ಲಿ ಮುಗಿಸಿಬಿಡ್ತವೆ. ಭದ್ರಾವತಿಯಲ್ಲಿ ಅದೇ ದೊಡ್ಡ ತಲೆನೋವು.

ಯಾಕಂದ್ರೆ ಕೋಕ್ ಬದಲು ಅವರು ಹಾಕಿದ್ದು ಮರದ ಇದ್ದಿಲು. ಮಲೆನಾಡಿನಲ್ಲಿ ಮರಕ್ಕೇನು ಬರ? ಆದರೆ ಇದ್ದಿಲನ್ನ ಕೈಯಲ್ಲಿ ಒತ್ತಿ ನೋಡಿ, ಪುಡಿಯಾಗುತ್ತೆ. ಪುಡಿಯಾದರೆ ಕುಲುಮೆಯೊಳಗೆ ಗಾಳಿ ಮೇಲೇರೋ ದಾರಿ ಕಟ್ಟಿಕೊಳ್ಳುತ್ತೆ, ಉಸಿರು ನಿಲ್ಲುತ್ತೆ. ಹಾಗಾಗಿ ಇದ್ದಿಲಿನ ಕುಲುಮೆಯನ್ನ ಕೋಕ್ ಕುಲುಮೆಯಷ್ಟು ಎತ್ತರ ಕಟ್ಟೋ ಹಾಗಿಲ್ಲ, ಅದರಷ್ಟು ತುಂಬೋ ಹಾಗೂ ಇಲ್ಲ. ಇದಕ್ಕೆ ಪ್ರತಿಯಾಗಿ ಒಂದು ಲಾಭವೂ ಇತ್ತು. ಕಲ್ಲಿದ್ದಲಿನಲ್ಲಿರೋ ಗಂಧಕ ಇದ್ದಿಲಿನಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಗಂಧಕ ಸೇರಿದ ಕಬ್ಬಿಣ ಬಿಸಿಯಲ್ಲಿ ಬಡಿದರೆ ಬಿರುಕು ಬಿಡುತ್ತೆ. ಇದ್ದಿಲಿನ ಕಬ್ಬಿಣ ಶುದ್ಧ, ಎರಕಕ್ಕೆ ಬಲು ಒಳ್ಳೆಯದು.

ಇದ್ದಿಲು ಮಾಡೋದರಲ್ಲೂ ಜಾಣತನವಿತ್ತು. ಹಳ್ಳಿಯವರ ಹಾಗೆ ಮಣ್ಣು ಮುಚ್ಚಿ ಸುಟ್ಟರೆ ಹೊಗೆಯೆಲ್ಲ ಆಕಾಶಕ್ಕೆ. ಇಲ್ಲಿ ಮರವನ್ನ ಗಾಳಿಯಾಡದ ಕಬ್ಬಿಣದ ಕೋಣೆಗಳಲ್ಲಿ ಕಾಯಿಸಿ, ಆ ಹೊಗೆಯನ್ನ ತಣಿಸಿ, ಅದರಿಂದ ಮೆಥನಾಲು, ಅಸಿಟೇಟು, ಟಾರು ತೆಗೆದರು. ಹೊಗೆಯನ್ನೂ ಮಾರಿದರು ಅನ್ನಿ. ಆದರೆ ಒಂದು ಟನ್ ಇದ್ದಿಲಿಗೆ ಹೆಚ್ಚುಕಮ್ಮಿ ನಾಲ್ಕು ಟನ್ ಕಟ್ಟಿಗೆ ಬೇಕು. ಆ ಬಿಲ್ ಕಟ್ಟಿದ್ದು ನಮ್ಮ ಕಾಡು. ಕಾರ್ಖಾನೆಯನ್ನ ಹೊಗಳುವಾಗ ಇದನ್ನ ನುಂಗಿಕೊಳ್ಳೋದು ಸರಿಯಲ್ಲ.

ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಇವತ್ತು ನಾವು ಜೀಪಲ್ಲಿ ಹೋಗಿ ಮಂಜಿನಲ್ಲಿ ಸೆಲ್ಫಿ ತೆಗೆಯೋ ಜಾಗ ಅದು, ಸಮುದ್ರಮಟ್ಟದಿಂದ 1,400 ಮೀಟರ್‌ಗೂ ಎತ್ತರ. ಅಲ್ಲಿಂದ ಅದಿರು ಇಳಿಸೋಕೆ ರೋಪ್‌ವೇ ಇತ್ತು. ಇಳಿಜಾರಿನ ರೋಪ್‌ವೇ ನನಗೆ ತುಂಬಾ ಇಷ್ಟದ ಯಂತ್ರ. ಇಳಿಯೋ ತೊಟ್ಟಿಯ ಭಾರವೇ ಖಾಲಿ ತೊಟ್ಟಿಯನ್ನ ಮೇಲಕ್ಕೆ ಎಳೆಯುತ್ತೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ.

ಇನ್ನು ಹೆಸರಿನ ವಿಷಯ. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಾರ್ಖಾನೆಯ ಬೆಂಕಿ ನೋಡಿ ಇಟ್ಟ ಹೆಸರು ಅಂತ ಬಹಳ ಜನ ನಂಬಿದ್ದಾರೆ, ಆದರೆ ಅದು ಕಾರ್ಖಾನೆಗಿಂತ ಹಳೆಯದು. ವಂಕಿ ಋಷಿಯ ವಂಕಿಪುರ ಬಾಯಿಂದ ಬಾಯಿಗೆ ಬೆಂಕಿಪುರ ಆಯ್ತು ಅಂತಾರೆ. ಬೆಂಕಿ ಆಮೇಲೆ ಬಂತು!

ಶುರುವಿನಲ್ಲಿ ಕಾರ್ಖಾನೆ ನಷ್ಟದಲ್ಲಿ ತೆವಳ್ತಿತ್ತು. ಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿ ಬಿಟ್ಟು ಹೋಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನ ಮಹಾರಾಜರು ಮತ್ತೆ ಕರೆಸಿದರು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರು. ಅವರು ವಿದೇಶಿ ತಜ್ಞರ ಜಾಗದಲ್ಲಿ ನಮ್ಮವರನ್ನೇ ತಯಾರು ಮಾಡಿ ಕೂರಿಸಿದರು. ನನಗೆ ಇದು ಯಂತ್ರ ತರಿಸಿದ್ದಕ್ಕಿಂತ ದೊಡ್ಡ ಕೆಲಸವಾಗಿ ಕಾಣುತ್ತೆ. ತಮಗೆ ಬರಬೇಕಿದ್ದ ಸಂಭಾವನೆಯನ್ನ ಕಸುಬು ಕಲಿಸೋ ಸಂಸ್ಥೆಗೆ ಬಳಸಿ ಅಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ, ನಾವೀಗ ಎಸ್‌ಜೆಪಿ ಅಂತ ಕರೆಯೋ ಪಾಲಿಟೆಕ್ನಿಕ್, ಬೆಳೆದದ್ದು ಆ ಹಣದ ಬೇರಿನಿಂದ.

ಕಾಡು ಎಷ್ಟು ದಿನ ತಡೆದೀತು? 1940ರ ದಶಕದ ಕೊನೆಗೆ ಜೋಗದಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಯ್ತು. ಭದ್ರಾವತಿಯ ಇಂಜಿನಿಯರುಗಳ ಕಣ್ಣು ಅಲ್ಲಿಗೆ ಹೋಯ್ತು. ಶರಾವತಿ ನೀರಿನಿಂದ ಕಬ್ಬಿಣ ಕರಗಿಸಿದರೆ ಹೇಗೆ? ಕಲ್ಲಿದ್ದಲು ಕಡಿಮೆಯಿದ್ದ, ಜಲಪಾತ ತುಂಬಿದ ಇನ್ನೊಂದು ದೇಶ ನಾರ್ವೆ. ಅಲ್ಲಿ ಬೆಳೆದ ಟೈಸ್ಲ್ಯಾಂಡ್-ಹೋಲ್ ಅನ್ನೋ ವಿದ್ಯುತ್ ಕುಲುಮೆ 1950ರ ದಶಕದ ಆರಂಭದಲ್ಲಿ ಭದ್ರಾವತಿಗೆ ಬಂತು. ಇಲ್ಲಿನ ಲೆಕ್ಕ ಚೆಂದ. ಶಾಖ ಕರೆಂಟಿನಿಂದ ಬರೋದರಿಂದ ಇಂಗಾಲಕ್ಕೆ ಉಳಿಯೋದು ಆಮ್ಲಜನಕ ಕೀಳೋ ಕೆಲಸ ಮಾತ್ರ. ಹಾಗಾಗಿ ಅದರ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ಈ ಕುಲುಮೆ ಗಿಡ್ಡವಾಗಿರೋದರಿಂದ ಭಾರ ಹೊರೋ ಗಟ್ಟಿತನವೂ ಅಷ್ಟು ಬೇಕಿಲ್ಲ. ಆದರೆ ಒಂದು ಟನ್ ಕಬ್ಬಿಣಕ್ಕೆ 2,000 ಯೂನಿಟ್‌ಗೂ ಹೆಚ್ಚು ಕರೆಂಟ್ ಬೇಕು. ತಿಂಗಳಿಗೆ 100 ಯೂನಿಟ್ ಉರಿಸೋ ಮನೆಗೆ ಅದು ಇಪ್ಪತ್ತು ತಿಂಗಳಿಗಾಗುತ್ತೆ. ಕರೆಂಟ್ ಅಗ್ಗವಾಗಿರೋ ತನಕ ಮಾತ್ರ ನಡೆಯೋ ಆಟ. ಊರೂರಿಗೆ ಕರೆಂಟ್ ಬೇಕಾಯ್ತು, ಆಟ ನಿಂತಿತು.

ಮುಂದಿನದು ನಿಮಗೆ ಗೊತ್ತಿರೋದೇ. 1989ರಲ್ಲಿ ಸೈಲ್ ಕೈಗೆ ಹೋಯ್ತು, 1998ರಲ್ಲಿ ಅದರೊಳಗೇ ವಿಲೀನವಾಯ್ತು. ರೈಲ್ವೆಗೆ, ವಾಹನಗಳಿಗೆ, ರಕ್ಷಣಾ ಇಲಾಖೆಗೆ ಬೇಕಾದ ವಿಶೇಷ ಉಕ್ಕು ಮಾಡಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಮೇಲೆ ಅದಿರಿಗೂ ಪರದಾಟ. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಕ್ಕೆ, ಮುಚ್ಚೋ ತೀರ್ಮಾನ ಬಂತು.

ಆ ಹೊತ್ತಿನಲ್ಲಿ ಪ್ರತಿಭಟನೆಯ ಶಾಮಿಯಾನದಲ್ಲಿ ಕೂತಿದ್ದ ನಿವೃತ್ತ ಕಾರ್ಮಿಕರೊಬ್ಬರ ಜೊತೆ ಕ್ಯಾಮೆರಾ ಆಫ್ ಮಾಡಿ ಮಾತಾಡಿದೆ. ‘ಯಜಮಾನ್ರೇ, ಕುಲುಮೆ ಒಳಗೆ ಏನಾಗ್ತಿದೆ ಅಂತ ಹೆಂಗೆ ತಿಳೀತಿತ್ತು?’ ಅಂದೆ. ಅವರು ನಕ್ಕು, ‘ಸಾರು ಕುದಿಯೋದು ನಿಮ್ಮ ತಾಯಿಗೆ ಹೆಂಗೆ ತಿಳೀತದೆ ಸ್ವಾಮಿ?’ ಅಂದರು. ಆಮೇಲೆ ವಿವರವಾಗಿ ಹೇಳಿದರು. ಗಾಳಿ ಊದೋ ಕೊಳವೆಗೆ ಸಣ್ಣ ಕಿಂಡಿ ಇರುತ್ತೆ, ನೀಲಿ ಗಾಜು ಹಿಡಿದು ಇಣುಕಬೇಕು. ಬೆಳಕು ಬೆಳ್ಳಗೆ ಕುಣೀತಿದ್ದರೆ ಕುಲುಮೆ ಆರೋಗ್ಯವಾಗಿದೆ. ಮಂಕಾಗಿ, ಕರೀ ತುಂಡುಗಳು ಹಾದು ಹೋಗ್ತಿದ್ದರೆ ಒಳಗೆ ತಣ್ಣಗಾಗ್ತಿದೆ ಅಂತ ಅರ್ಥ. ಆಗಲೇ ಎಚ್ಚೆತ್ತುಕೊಳ್ಳಬೇಕು. ಕುಲುಮೆ ಫ್ಯಾನ್ ಅಲ್ಲ, ಸ್ವಿಚ್ ಒತ್ತಿ ನಿಲ್ಲಿಸೋಕಾಗಲ್ಲ. ತಳದಲ್ಲಿ ಕಬ್ಬಿಣ ಗಟ್ಟಿಯಾದರೆ ಅದನ್ನ ಒಡೆದು ತೆಗೆಯೋದೇ ದೊಡ್ಡ ರಾಮಾಯಣ.

ಕಬ್ಬಿಣ ಬಿಡೋ ಬಾಯಿ ತೆರೆದಾಗ ಭಾರದ ಕಬ್ಬಿಣ ತಳದಲ್ಲಿ, ಹಗುರವಾದ ಕಿಟ್ಟ ಮೇಲೆ ತೇಲಿ ಬರುತ್ತೆ. ಎರಡನ್ನೂ ಬೇರೆ ಕಾಲುವೆಗೆ ತಿರುಗಿಸಬೇಕು. ಕಾಲುವೆಯ ಮರಳಲ್ಲಿ ತೇವ ಉಳಿದಿದ್ದರೆ ನೀರು ಕ್ಷಣದಲ್ಲಿ ಹಬೆಯಾಗಿ, ಕರಗಿದ ಕಬ್ಬಿಣ ಪಟಾಕಿ ಥರ ಸಿಡಿಯುತ್ತೆ. ಅಂಗೈಯಲ್ಲಿ ಮರಳು ಹಿಸುಕಿ ‘ಒಣಗಿದೆ, ಬಿಡಿ’ ಅನ್ನೋನ ಮಾತಿನ ಮೇಲೆ ಹತ್ತಾರು ಜನರ ಜೀವ ನಿಂತಿರುತ್ತಿತ್ತು.

ಇನ್ನೊಂದನ್ನ ನಾನೇ ಕಣ್ಣಾರೆ ನೋಡಿದೆ, ಶಿವಮೊಗ್ಗದ ಒಂದು ಚಿಕ್ಕ ಲೇತ್ ಶಾಪ್‌ನಲ್ಲಿ. ಅಲ್ಲಿನ ಹಿರಿಯ ಮೇಸ್ತ್ರಿ ಗುರುತಿಲ್ಲದ ಉಕ್ಕಿನ ತುಂಡನ್ನ ಸಾಣೆಗಲ್ಲಿಗೆ ಹಿಡಿದರು. ಕಿಡಿ ಹಾರಿತು. ಕಿಡಿ ಉದ್ದ ನೇರ ಗೆರೆಯಾಗಿ ಹೋದರೆ ಇಂಗಾಲ ಕಡಿಮೆ. ತುದಿಯಲ್ಲಿ ಸುರುಸುರುಬತ್ತಿ ಹಾಗೆ ಒಡೆದು ಹೂವಾದರೆ ಇಂಗಾಲ ಹೆಚ್ಚು. ಟಂಗ್‌ಸ್ಟನ್ ಇದ್ದರೆ ಕಿಡಿ ಮಂಕು ಕೆಂಪು. ಇದನ್ನೆಲ್ಲ ಸ್ಪೆಕ್ಟ್ರೋಮೀಟರ್ ಇವತ್ತು ಚೆನ್ನಾಗಿ, ಇನ್ನೂ ಕರಾರುವಾಕ್ಕಾಗಿ ಹೇಳುತ್ತೆ, ಸಂಶಯವಿಲ್ಲ. ಆದರೆ ಆ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ಮೇಸ್ತ್ರಿಗೆ ಸಾಣೆಗಲ್ಲು ಸಾಕು. ನಾಲ್ಕು ವರ್ಷ ಕಬ್ಬಿಣ-ಇಂಗಾಲದ ನಕ್ಷೆ ಬರೆದು ಅಂಕ ತಗೊಂಡವನು ನಾನು. ಕೆಂಡದ ಬಣ್ಣ ನೋಡಿ ಡಿಗ್ರಿ ಹೇಳೋದನ್ನ ಯಾವ ಲ್ಯಾಬಲ್ಲೂ ಯಾರೂ ಕೇಳಲಿಲ್ಲ. ಮೇಸ್ತ್ರಿ ಹೇಳಿದರು: ದಾಸವಾಳದ ಕೆಂಪು ಬಂದರೆ ಸಾಲದು, ಮಾಗಿದ ಕಿತ್ತಳೆ ಬಣ್ಣಕ್ಕೆ ಬಂದಮೇಲೆ ಸುತ್ತಿಗೆ ಎತ್ತು. ಸಾವಿರ ಡಿಗ್ರಿಯ ಆಸುಪಾಸು ಅದು, ಪುಸ್ತಕವೂ ಅದನ್ನೇ ಹೇಳೋದು.

2023ರ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್ ಮತ್ತೆ ತಿರುಗಿತು. ಒಳ್ಳೆಯದೇ. ಆದರೆ ಬೇರೆ ಕಡೆಯಿಂದ ಬಂದ ಉಕ್ಕಿನ ದಿಮ್ಮಿಯನ್ನ ಸರಳು ಮಾಡೋದು ಬೇರೆ, ಅದಿರಿನಿಂದ ಕಬ್ಬಿಣ ಹುಟ್ಟಿಸೋದು ಬೇರೆ. ಎರಡನೇ ಕೆಲಸ ಗೊತ್ತಿದ್ದವರು ಈಗ ಭದ್ರಾವತಿಯ ಮನೆ ಜಗಲಿಗಳಲ್ಲಿ ಕೂತು ಮೊಮ್ಮಕ್ಕಳನ್ನ ಶಾಲೆಗೆ ಬಿಡ್ತಿದ್ದಾರೆ. ಹತ್ತಾರು ಕಿಲೋಮೀಟರ್ ಒಳಗೇ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ, ಶಿವಮೊಗ್ಗದ ಫೌಂಡ್ರಿಗಳಿವೆ, ಐಟಿಐಗಳಿವೆ, ಕೆಲಸ ಕಲಿಯೋ ಹುಡುಗರಿದ್ದಾರೆ. ಕಾರ್ಖಾನೆಗೆ ಬಂಡವಾಳ ಹಾಕೋದು ದಿಲ್ಲಿಯಲ್ಲಿ ತೀರ್ಮಾನವಾಗಬೇಕು, ಸರಿ. ಈ ಹಿರಿಯರನ್ನ ವಾರಕ್ಕೆ ಒಂದು ದಿನ ಗೌರವಧನ ಕೊಟ್ಟು ಐಟಿಐಗೆ ಕರೆಸೋದಕ್ಕೆ, ಅವರು ಹೇಳೋದನ್ನ ವಿಡಿಯೋ ಮಾಡಿ ಇಡೋದಕ್ಕೆ ದಿಲ್ಲಿಯ ಅಪ್ಪಣೆ ಬೇಕಾ? ವಿಡಿಯೋ ಕೆಲಸಕ್ಕೆ ಬೇಕಾದರೆ ನಮ್ಮ ಕ್ಯಾಮೆರಾ ಹುಡುಗರನ್ನ ನಾನೇ ಕರ್ಕೊಂಡು ಬರ್ತೀನಿ.