ಕುಡಿಯುವ ನೀರಿನ ಶುದ್ಧೀಕರಣಕ್ಕೆ ತಗಲುವ ಖರ್ಚು

ಕಾಫಿಯ ಬಿಳಿ ಕಾಂಡಕೊರಕಕ್ಕೆಂದು ನಾವೆಲ್ಲ ಬಿ.ಎಚ್.ಸಿ. ಬಳಿದ ಕಾಲವನ್ನು ಹಿರಿಯ ಸದಸ್ಯರು ಮರೆತಿರಲಾರರು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಆ ಔಷಧಿಗೆ 1997ರಲ್ಲಿ ನಿಷೇಧ ಬಂದಿತು. ಅದಕ್ಕಿಂತಲೂ ಹಠಮಾರಿಯಾದ ಪಿ.ಎಫ್.ಎ.ಎಸ್. ಎಂಬ ರಾಸಾಯನಿಕಗಳು ಅಮೆರಿಕದ ಅನೇಕ ಊರುಗಳ ಕುಡಿಯುವ ನೀರಿಗೆ ಸೇರಿವೆ. ಬೆಂಕಿ ಆರಿಸುವ ನೊರೆ, ಅಂಟದ ಬಾಣಲೆಗಳ ಕಾರ್ಖಾನೆ ಇವುಗಳಿಂದ ಬಂದದ್ದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಸಾಂದ್ರವಾಗುತ್ತವೆ. ಶುದ್ಧೀಕರಣ ಘಟಕವೊಂದನ್ನು ಕೊಂಡರೆ ಮುಗಿಯಿತೆಂದು ತಿಳಿಯುವವರು ಅಲ್ಲಿಯ ಲೆಕ್ಕವನ್ನು ನೋಡಬೇಕು.

2024ರ ಏಪ್ರಿಲ್‌ನಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯು ಇವುಗಳಲ್ಲಿ ಮುಖ್ಯವಾದ ಎರಡಕ್ಕೆ ಲೀಟರಿಗೆ ತಲಾ 4 ನ್ಯಾನೊಗ್ರಾಂ ಮಿತಿ ಹಾಕಿತು. ನೀರನ್ನು ಕ್ರಿಯಾಶೀಲ ಇದ್ದಿಲಿನ ತೊಟ್ಟಿಯ ಮೂಲಕ ಹಾಯಿಸುವುದು ರೂಢಿಯ ಉಪಾಯ. (ನಮ್ಮ ತೆಂಗಿನ ಚಿಪ್ಪಿನಿಂದಲೂ ಇಂಥ ಇದ್ದಿಲು ತಯಾರಾಗುತ್ತದೆ.) ಆದರೆ ಇದ್ದಿಲು ವಿಷವನ್ನು ನಾಶಮಾಡದು, ಹಿಡಿದಿಡುತ್ತದೆ ಅಷ್ಟೆ. ತುಂಬಿದ ಮೇಲೆ ಬದಲಿಸಬೇಕು. ಹಳೆಯದರ ವಿಲೇವಾರಿ, ಆಗಾಗ ನೀರಿನ ಪರೀಕ್ಷೆ ಬೇರೆ. ತೊಟ್ಟಿ ಒಮ್ಮೆಯ ಖರ್ಚು, ಇವು ವರ್ಷವರ್ಷದ ಬಾಬತ್ತು. ನಿಯಮ ಪಾಲನೆಗೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಬೇಕೆಂದು ಸಂಸ್ಥೆಯೇ ಅಂದಾಜು ಮಾಡಿತ್ತು.

ಹಣ ಕೊಡುವವರು ಯಾರು? ತ್ರೀಎಂ ಕಂಪನಿಯು 2023ರಲ್ಲಿ ನೀರು ಸರಬರಾಜು ವ್ಯವಸ್ಥೆಗಳಿಗೆ 1,030ರಿಂದ 1,250 ಕೋಟಿ ಡಾಲರ್ ಕೊಡಲೊಪ್ಪಿತು, ಕಂತುಗಳು 2036ರವರೆಗೆ. ಸರ್ಕಾರದ ನೆರವೂ ಉಂಟು. ಉಳಿದದ್ದು ನೀರಿನ ಬಿಲ್ಲಿಗೇ. ಮನೆಗಳು ಕಡಿಮೆಯಿರುವ ಊರಿನಲ್ಲಿ ತಲೆಗೆ ಬೀಳುವ ಪಾಲು ಹೆಚ್ಚು. ಸ್ವಂತ ಬಾವಿಯವರಿಗಂತೂ ಆ ನಿಯಮವೇ ಅನ್ವಯಿಸದು. ಪರೀಕ್ಷೆಯೂ ಖರ್ಚೂ ಅವರದೇ.

ನಮ್ಮ ತೋಟಗಳಲ್ಲಿಯೂ ಬಾವಿಯೇ ಆಧಾರ. ಕೀಟನಾಶಕದ ಶೇಷಕ್ಕಾಗಿ ನೀರು ಪರೀಕ್ಷೆ ಮಾಡಿಸಬಯಸುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಮಾದರಿಗಳನ್ನು ಒಟ್ಟಿಗೆ ಕಳುಹಿಸಲು ಅನುಕೂಲವಾದೀತು.