ವಾಲ್ವ್ ಆಂಪ್ಲಿಫೈಯರ್‌ನ ‘ಗುಂಯ್’ ಎಲ್ಲಿಂದ ಬರ್ತದೆ? ಹುಡುಕುವುದು ಹೀಗೆ

ಇವತ್ತಿನ ಕಂತನ್ನು ಕೇಳುವಾಗ ಇಯರ್‌ಫೋನ್ ಹಾಕ್ಕೊಳ್ಳಿ. ಕಾರಣ ಉಂಟು: ನಾವು ಮಾತಾಡ್ತಿರುವ ಸದ್ದು 50 ಹರ್ಟ್ಜ್‌ನದ್ದು, ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸಲಿಕ್ಕೆ ಆಗುವುದಿಲ್ಲ.

ಪರ್ಕಳದಲ್ಲಿ ನಮ್ಮ ಮನೆ ಹತ್ತಿರ ರೂಮು ಮಾಡಿಕೊಂಡಿರುವ ಮಣಿಪಾಲದ ವಿದ್ಯಾರ್ಥಿಯೊಬ್ಬ ವಾಲ್ವ್ ಆಂಪ್ಲಿಫೈಯರ್ ಕಟ್ಟಿದ್ದಾನೆ. ಮೊದಲ ಹಂತಕ್ಕೆ ಇಸಿಸಿ83, ಸ್ಪೀಕರ್ ನಡೆಸಲಿಕ್ಕೆ ಇಎಲ್84. ಈ ಇಎಲ್84 ನಮಗೆ ಹೊಸತೇನಲ್ಲ, ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ಅದನ್ನು ತಯಾರಿಸ್ತಿತ್ತು. ಹಾಡು ಚಂದ ಬರ್ತದೆ, ಆದ್ರೆ ಹಿಂದೆ ಯಾವಾಗಲೂ ‘ಗುಂಯ್’. ಅವನು ನನ್ನ ಹತ್ರ ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣ, ಪ್ಲಗ್‌ನ ಅರ್ಥಿಂಗ್ ಪಿನ್ ತೆಗೆದ್ರೆ ಇದು ಹೋಗ್ತದಂತೆ, ಹೌದಾ?”

ಬೇಡ ಮಾರಾಯ! ಕೆಲವು ಸಲ ಹೋಗುವುದು ಹೌದು. ಆದ್ರೆ ಒಳಗೆ ಸುಮಾರು 300 ವೋಲ್ಟ್ ಡಿಸಿ ಇದೆ, 230 ವೋಲ್ಟ್ ಕರೆಂಟೂ ಇದೆ. ಒಂದು ವೈರ್ ಕಿತ್ತು ಲೋಹದ ಪೆಟ್ಟಿಗೆಗೆ ತಾಗಿದ್ರೆ ಫ್ಯೂಸ್ ಹೋಗಬೇಕು. ಅರ್ಥಿಂಗ್ ಇಲ್ಲದಿದ್ರೆ ಫ್ಯೂಸ್ ಹೋಗುವುದಿಲ್ಲ, ಪೆಟ್ಟಿಗೆ ಮುಟ್ಟಿದವರು ಹೋಗ್ತಾರೆ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇಯಲ್ಲಿ ಒಣಗಿದಾಗ ಅರ್ಥಿಂಗ್ ಮೊದಲೇ ದುರ್ಬಲ ಆಗ್ತದೆ. ಇದ್ದದ್ದನ್ನೂ ಕತ್ತರಿಸಬಾರದು.

ಹಾಗಾದ್ರೆ ಹುಡುಕುವುದು ಹೇಗೆ? ಯಾವುದನ್ನೂ ಬದಲಾಯಿಸುವ ಮೊದಲು ಮೂರು ಪ್ರಶ್ನೆ ಕೇಳಿ.

ಒಂದು, ಸ್ವರ ಯಾವುದು? ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆಪ್ ಹಾಕಿ, ಮೈಕನ್ನು ಸ್ಪೀಕರ್ ಹತ್ತಿರ ಹಿಡಿಯಿರಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗ್ತದೆ. ಅದನ್ನು ಡಿಸಿ ಮಾಡುವಾಗ ಎರಡೂ ಅರ್ಧಗಳು ಬಳಕೆ ಆಗುವುದರಿಂದ ಉಳಿಯುವ ಅಲುಗಾಟ 100 ಹರ್ಟ್ಜ್. ಹಾಗಾಗಿ 100 ಎದ್ದು ಕಂಡರೆ ಪವರ್ ಸಪ್ಲೈಯ ಕೆಪಾಸಿಟರ್ ಕಡೆ ನೋಡಿ. 50 ಎದ್ದು ಕಂಡರೆ ವಾಲ್ವ್ ಬಿಸಿ ಮಾಡುವ 6.3 ವೋಲ್ಟ್ ಹೀಟರ್ ವೈರು, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಅಥವಾ ಇನ್‌ಪುಟ್ ಕೇಬಲ್ ಮೇಲೆ ಸಂಶಯ ಇಡಿ.

ಎರಡು, ವಾಲ್ಯೂಮ್ ಸೊನ್ನೆಗೆ ತಂದ್ರೆ ಏನಾಗ್ತದೆ? ಸದ್ದು ನಿಂತ್ರೆ ತೊಂದರೆ ವಾಲ್ಯೂಮ್‌ಗಿಂತ ಮೊದಲು, ಅಂದ್ರೆ ಹೊರಗಿಂದ ಬರುವ ದಾರಿಯಲ್ಲಿ. ಫೋನಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಹಾಡು ಹಾಕಿ. ಗುಂಯ್ ಹೋದ್ರೆ ಅಪರಾಧಿ ಚಾರ್ಜರ್!

ಮೂರು, ಮೊದಲ ವಾಲ್ವ್ ತೆಗೆದ್ರೆ? ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ವಾಲ್ವ್ ತಣಿಯಲಿ. ಇಸಿಸಿ83 ತೆಗೆದು, ಸ್ಪೀಕರ್ ಜೋಡಿಸಿಯೇ ಇಟ್ಟು ಮತ್ತೆ ಆನ್ ಮಾಡಿ. ಸದ್ದು ಉಳಿದ್ರೆ ತೊಂದರೆ ಕೊನೆಯ ಹಂತದಲ್ಲಿ ಅಥವಾ ಸಪ್ಲೈಯಲ್ಲಿ. ನಿಂತ್ರೆ ಇಸಿಸಿ83ರ ಆಸುಪಾಸಿನಲ್ಲಿ.

ಈ ಹುಡುಗನ ಆಂಪ್ಲಿಫೈಯರ್‌ನಲ್ಲಿ ಸಿಕ್ಕಿದ ಉತ್ತರ: 50 ಹರ್ಟ್ಜ್, ವಾಲ್ಯೂಮ್ ಸೊನ್ನೆಯಲ್ಲೂ ಇತ್ತು, ಇಸಿಸಿ83 ತೆಗೆದಾಗ ನಿಂತಿತು. ಮೂರೂ ಸೇರಿ ಬೆರಳು ತೋರಿಸಿದ್ದು ಹೀಟರ್ ಕಡೆಗೆ. ನೋಡಿದ್ರೆ ಆ ಟ್ರಾನ್ಸ್‌ಫಾರ್ಮರ್‌ನ 6.3 ವೋಲ್ಟ್ ಸುರುಳಿಗೆ ನಡುವಿನ ತಂತಿ ಇಲ್ಲ, ಹಾಗಾಗಿ ಅದು ಗ್ರೌಂಡ್‌ಗೆ ಎಲ್ಲೂ ಸೇರಿರಲಿಲ್ಲ. ಎರಡು ತುದಿಯಿಂದಲೂ ಒಂದೊಂದು 100 ಓಮ್ ರೆಸಿಸ್ಟರ್ ಗ್ರೌಂಡ್‌ಗೆ ಹಾಕಿ, ಹೀಟರ್ ವೈರುಗಳನ್ನು ಜಡೆಯ ಹಾಗೆ ಹೊಸೆದು ಮೂಲೆಗೆ ಒತ್ತಿದೆವು. ಈಗ ಕಿವಿಯನ್ನು ಸ್ಪೀಕರ್‌ಗೆ ಇಟ್ಟರೆ ಮಾತ್ರ ಸ್ವಲ್ಪ ಕೇಳ್ತದೆ. ಖರ್ಚು ಎರಡು ರೆಸಿಸ್ಟರ್. ಪವರ್ ಸಪ್ಲೈಯ ಕೆಪಾಸಿಟರ್‌ಗಳನ್ನು ಬದಲಾಯಿಸಿದ್ರೆ ದುಡ್ಡೂ ಹೋಗ್ತಿತ್ತು, ಗುಂಯ್ ಕೂಡ ಉಳೀತಿತ್ತು.

ಒಂದು ಎಚ್ಚರಿಕೆ ಮರೀಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟು ಕೂತಿರ್ತದೆ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಕ್ಲಿಪ್‌ನಲ್ಲಿ ಹಾಕಿ ಅದನ್ನು ಖಾಲಿ ಮಾಡಿ. ಮಲ್ಟಿಮೀಟರ್ ಸೊನ್ನೆ ಹತ್ತಿರ ತೋರಿಸಿದ ಮೇಲೆಯೇ ಕೈ ಹಾಕಿ. ಮೊದಲ ಸಲ ಮಾಡುವವರು ಅನುಭವ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಿಮ್ಮ ಆಂಪ್ಲಿಫೈಯರ್ ಗುಂಯ್‌ಗುಟ್ಟುತ್ತಿದ್ರೆ ಮೂರು ಉತ್ತರವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಸೋಲ್ಡರಿಂಗ್ ಐರನ್ ಬಿಸಿ ಮಾಡಿ. ಮುಂದಿನ ವಾರ ಸಿಗೋಣ.