ಗುಪ್ತ ಕಿಟಕಿಯೂ ಗೂಗಲಿನ ಲೆಕ್ಕವೂ

ಮಕ್ಕಳಿಗೆ ಕನ್ನಡ ಪಾಠ ಚೆನ್ನೈಯಲ್ಲಿ ಎಲ್ಲಿ ನಡೆಯುವುದೆಂದು ನಾವೀಗ ಗೂಗಲನ್ನೇ ಕೇಳುತ್ತೇವೆ. ಸಂಘದ ಪುಟವನ್ನು ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ಮತ್ತೆ ಮತ್ತೆ ಕ್ಲಿಕ್ಕಿಸಿದರೆ ಅದು ಪಟ್ಟಿಯಲ್ಲಿ ಮೇಲೇರುವುದೆಂದು ನಮ್ಮಲ್ಲಿ ಕೆಲವರ ನಂಬಿಕೆ. ಆ ಕಿಟಕಿ ಅಳಿಸುವುದು ನಮ್ಮ ಯಂತ್ರದಲ್ಲಿನ ಜಾಡನ್ನು ಮಾತ್ರ. ಅದರೊಳಗಿನ ಓಡಾಟದ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಅಮೆರಿಕದ ಮೊಕದ್ದಮೆಯೊಂದರಲ್ಲಿ ಒಪ್ಪಬೇಕಾಯಿತು!

ಕ್ಲಿಕ್ಕಿಗೆ ಲೆಕ್ಕವುಂಟೆಂಬುದು ನಿಜ. ಗೂಗಲಿನ ‘ನ್ಯಾವ್‌ಬೂಸ್ಟ್’ ವ್ಯವಸ್ಥೆ 13 ತಿಂಗಳ ಕ್ಲಿಕ್ಕುಗಳನ್ನು ನೋಡುವುದೆಂದು ಅದರ ಅಧಿಕಾರಿ ಪಾಂಡು ನಾಯಕ್ 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಅಷ್ಟು ಜನರ ನಡುವೆ ಒಂದು ಮನೆಯವರ ಬೆರಳಾಟದಿಂದ ಆಗುವುದೇನು? ಬಂದವರಿಗೆ ಬೇಕಾದುದು ದೊರೆಯಬೇಕು. ಆದುದರಿಂದ ಪಾಠದ ದಿನ, ವೇಳೆ, ವಿಳಾಸಗಳನ್ನು ಪುಟದಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯೋಣ, ಕನ್ನಡದಲ್ಲಿಯೇ ಹುಡುಕೋಣ.